ಅರವತ್ತು ಹೆಜ್ಜೆಯೊಳಗಿನ ಆಲ

ಬಾಡಿಗೆ ಮನೆ ನೋಡಲು ಹೋದವರು ನೀರು ಎಷ್ಟು ಹೊತ್ತು ಬರುತ್ತದೆ, ಮಾಲೀಕರ ಬಾಯಿ ಹೇಗೆ, ಶಾಲೆಯ ಬಸ್ಸು ಬಾಗಿಲಿಗೆ ಬರುತ್ತದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಬ್ಯಾಂಕಿನ ಪದ್ಮನಾಭ ಅದೊಂದನ್ನೂ ಕೇಳುತ್ತಿರಲಿಲ್ಲ. 2001ರ ಮಾರ್ಚ್ ತಿಂಗಳಲ್ಲಿ, ಅಹಮದಾಬಾದಿನ ಪಶ್ಚಿಮದ ಅಂಚಿನ ಬೋಪಾಲ್‌ನಲ್ಲಿ, ದಲ್ಲಾಳಿಯೊಬ್ಬ ಅವನನ್ನು ಎಂಟು ಮಹಡಿಯ ಹೊಸ ಕಟ್ಟಡದ ಮುಂದೆ ನಿಲ್ಲಿಸಿಕೊಂಡು ಲಿಫ್ಟು, ತೋಟ, ಕಾವಲುಗಾರ ಎಂದು ಬೆರಳು ಮಡಿಸುತ್ತಿದ್ದ. ಪದ್ಮನಾಭ ಗೇಟಿನೊಳಗೆ ಕಾಲೇ ಇಡಲಿಲ್ಲ. ಕತ್ತೆತ್ತಿ ಎಂಟನೆಯ ಮಹಡಿಯನ್ನು ನೋಡಿದ, ಹಣೆಯ ಬೆವರು ಒರೆಸಿಕೊಂಡ, ತನ್ನ ಹರಕು ಹಿಂದಿಯಲ್ಲಿ ಕೇಳಿದ: "ಇಲ್ಲಿ ಹತ್ತಿರದಲ್ಲಿ ಹಳೇ ವಡದ ಮರ ಇದೆಯಾ?"

ವಡ ಎಂದರೆ ಗುಜರಾತಿಯಲ್ಲಿ ಆಲ. ದಲ್ಲಾಳಿ ಇವರು ಪೂಜೆ ಪುನಸ್ಕಾರದ ಜನ ಎಂದುಕೊಂಡು, "ದೇವಸ್ಥಾನ ಇದೆ ಸಾಹೇಬ್, ಎರಡು ನಿಮಿಷ ಅಷ್ಟೇ" ಎಂದ. ದೇವಸ್ಥಾನ ಬೇಡ, ಮರ ಬೇಕು, ಅದೂ ಮನೆಯ ಬಾಗಿಲಿನಿಂದ ಅರವತ್ತು ಹೆಜ್ಜೆಯೊಳಗೆ ಬೇಕು, ಮನೆ ನೆಲಮಟ್ಟದಲ್ಲೇ ಇರಬೇಕು ಎಂದು ಪದ್ಮನಾಭ ವಿವರಿಸಿದ ಮೇಲೆ ಆ ಮನುಷ್ಯ ಇವನ ಸ್ಕೂಟರನ್ನೂ ಇವನನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡಿ, ತನಗೆ ಬೇರೆ ಕೆಲಸವಿದೆ ಎಂದು ಹೊರಟುಹೋದ. ಅವನ ತಪ್ಪೇನೂ ಇಲ್ಲ ಬಿಡಿ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಆದರೆ ಪದ್ಮನಾಭನಿಗೆ ಇದು ಹುಚ್ಚಲ್ಲ, ಲೆಕ್ಕಾಚಾರ. ಆ ಲೆಕ್ಕಾಚಾರ ಶುರುವಾದದ್ದು ಅದೇ ವರ್ಷದ ಜನವರಿ ಇಪ್ಪತ್ತಾರರಂದು.

ಅಂದು ಗಣರಾಜ್ಯೋತ್ಸವ. ಬ್ಯಾಂಕಿಗೆ ರಜೆ, ಆದರೆ ಒಂಬತ್ತೂವರೆಗೆ ಶಾಖೆಯ ಮುಂದೆ ಬಾವುಟ ಹಾರಿಸುವುದಿತ್ತು. ಮಣಿನಗರದ ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಪದ್ಮನಾಭ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ. ಹೆಂಡತಿ ನೀಲಾ ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಿದ್ದಳು. ಐದು ವರ್ಷದ ಮಗಳು ರಚನಾ ಇನ್ನೂ ಹೊದಿಕೆಯೊಳಗಿದ್ದಳು. ಎಂಟೂಮುಕ್ಕಾಲರ ಸುಮಾರಿಗೆ ಕನ್ನಡಿಯೊಳಗಿನ ಪದ್ಮನಾಭ ಪಕ್ಕಕ್ಕೆ ಸರಿದ. ನಿಜವಾದ ಪದ್ಮನಾಭ ಸರಿದಿರಲಿಲ್ಲ. ಆಮೇಲೆ ನೆಲದೊಳಗಿಂದ ಲಾರಿ ಹೋದ ಹಾಗೆ ಸದ್ದು ಬಂತು, ಕಪಾಟಿನ ಬಾಗಿಲುಗಳು ತಾವಾಗಿ ತೆರೆದುಕೊಂಡವು, ಗೋಡೆಯ ಗಾರೆ ಅವನ ಬಾಚಿದ ತಲೆಯ ಮೇಲೆ ಉದುರಿತು.

ಇಲ್ಲಿ ಬ್ಯಾಂಕಿನವರ ಒಂದು ಕಟ್ಟುಪಾಡನ್ನು ಹೇಳಬೇಕು. ಶಾಖೆಯ ತಿಜೋರಿಗೆ ಎರಡು ಬೀಗ. ಎರಡರ ಬೀಗದ ಕೈಗಳು ಇಬ್ಬರು ಬೇರೆ ಬೇರೆ ಅಧಿಕಾರಿಗಳ ಬಳಿ. ಅವನ್ನು ಮನೆಗೆ ಒಯ್ಯಬೇಕು, ಮೈಯಿಂದ ದೂರ ಇಡಬಾರದು, ಕಳೆದರೆ ನೌಕರಿಗೇ ಕುತ್ತು. ಹನ್ನೊಂದು ವರ್ಷದಿಂದ ಪದ್ಮನಾಭ ಯಾವುದಾದರೊಂದು ಶಾಖೆಯ ಬೀಗದ ಕೈ ಕಾದವನು. ಸ್ನಾನಕ್ಕೆ ಹೋದರೆ ಬೀಗದ ಕೈಗೊಂಚಲು ಸೋಪಿನ ಪಕ್ಕ ಇರುತ್ತಿತ್ತು, ಮಲಗಿದರೆ ದಿಂಬಿನ ಕೆಳಗೆ. ಹುಟ್ಟೂರು ಅರಸೀಕೆರೆಗೆ ರೈಲಿನಲ್ಲಿ ಹೋಗುವಾಗ ಅದನ್ನು ಇನ್ನೊಬ್ಬರಿಗೆ ಒಪ್ಪಿಸಿದ್ದರೂ ಕೈ ಅಭ್ಯಾಸಬಲದಿಂದ ಜೇಬು ತಡವುತ್ತಿತ್ತು.

ಮನೆ ಅಲುಗಾಡಿದಾಗ ಆ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು. ಮೇಜಿನ ಮೇಲಿದ್ದ ಗೊಂಚಲನ್ನು ಬಾಚಿಕೊಂಡಿತು. ಕಾಲುಗಳು ಬಾಗಿಲ ಕಡೆ ಓಡಿದವು. ಮೂರನೆಯ ಮಹಡಿಯ ತಿರುವಿಗೆ ಬರುವಾಗ ಮೇಲಿನಿಂದ ನೀಲಾ ಕೂಗಿದಳು. ಮದುವೆಯಾಗಿ ಎಂಟು ವರ್ಷದಲ್ಲಿ 'ರೀ' ಎಂಬುದರ ಹೊರತು ಬೇರೇನೂ ಕರೆಯದವಳು, ಗಂಡನ ಹೆಸರನ್ನು ಅರ್ಜಿ ಫಾರಂಗಳಲ್ಲಿ ಬರೆಯುವಾಗಲೂ ನಾಚುತ್ತಿದ್ದವಳು, ಅಂದು ಹೆಸರು ಹಿಡಿದು ಕೂಗಿದಳು: "ಪದ್ಮನಾಭಾ! ಮಗೂ!"

ಅವನಿಗೆ ಕೇಳಿಸಿತು. ಒಂದು ಗಳಿಗೆ ನಿಂತು ಮೇಲೆ ನೋಡಿದ ಕೂಡ. ಮೆಟ್ಟಿಲುಗಳು ಉಯ್ಯಾಲೆಯ ಹಾಗೆ ತೂಗುತ್ತಿದ್ದವು. ಅವನು ಕೆಳಗೆ ಓಡಿದ.

ಮೈಮೇಲೆ ಎಚ್ಚರ ಬಂದಾಗ ಗಲ್ಲಿಯ ತಿರುವಿನ ಆಲದಮರದ ಕೆಳಗಿದ್ದ, ಒಂದು ದಪ್ಪ ಬಿಳಲನ್ನು ಎರಡೂ ತೋಳುಗಳಿಂದ ತಬ್ಬಿದ್ದ. ಹನ್ನೆರಡು ದಿನದ ಹಿಂದಿನ ಉತ್ತರಾಯಣದ ಹಬ್ಬದಲ್ಲಿ ಸಿಕ್ಕಿಕೊಂಡಿದ್ದ ಗಾಳಿಪಟಗಳೆಲ್ಲ ಮರದ ಮೇಲೆ ಪಟಪಟ ಬಡಿದುಕೊಳ್ಳುತ್ತಿದ್ದವು. ಎದುರು ಸಾಲಿನ ಕಟ್ಟಡದ ಅರ್ಧ ಭಾಗ ಕಣ್ಣೆದುರೇ ಕುಸಿದು ಧೂಳಾಯಿತು. ಮರ ಮಾತ್ರ ಅಲ್ಲೇ ಇತ್ತು. ಎಷ್ಟೋ ಹೊತ್ತಾದ ಮೇಲೆ, ನಿಜವಾಗಿ ಎರಡೇ ನಿಮಿಷವಿರಬೇಕು, ನೀಲಾ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಬರಿಗಾಲಲ್ಲಿ ಬಂದಳು. ಬಿಸಿ ಎಣ್ಣೆ ಬಿದ್ದು ಅವಳ ಎಡ ಮುಂಗೈ ಕೆಂಪಗೆ ಬೊಬ್ಬೆ ಎದ್ದಿತ್ತು.

"ನೀನೂ ಹಿಂದೇನೇ ಬರ್ತಿದ್ದೀಯ ಅಂದ್ಕೊಂಡೆ ಕಣೇ" ಎಂದ ಪದ್ಮನಾಭ.

"ಕೂಗ್ದೆ."

"ಆ ಗಲಾಟೇಲಿ ಏನೂ ಕೇಳಿಸ್ಲಿಲ್ಲ."

ನೀಲಾ ಅವನ ಕೈಯಲ್ಲಿದ್ದ ಗೊಂಚಲನ್ನು ನೋಡಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಅಂದಲ್ಲ, ಮರುದಿನವಲ್ಲ, ಮುಂದಿನ ಐದೂವರೆ ವರ್ಷ. ಜಗಳವಾಡಿದ್ದರೆ, ಬೈದಿದ್ದರೆ, ತವರಿಗೆ ಹೋಗಿ ಕೂತಿದ್ದರೆ ಪದ್ಮನಾಭನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಮುಂಗೈಗೆ ಮುಲಾಮು ಹಚ್ಚಿಕೊಂಡು ಸುಮ್ಮನಿದ್ದುಬಿಟ್ಟಳು.

ಊರಿಗೆ ಊರೇ ಕೆಲವು ವಾರ ಬೀದಿಯಲ್ಲಿ ಮಲಗಿತು. ಆಮೇಲೆ ಮಿಕ್ಕವರು ಒಬ್ಬೊಬ್ಬರಾಗಿ ಮನೆಯೊಳಗೆ ಹೋದರು. ಪದ್ಮನಾಭ ಹೋಗಲಿಲ್ಲ. ನಾಲ್ಕನೆಯ ಮಹಡಿಯ ಮೆಟ್ಟಿಲ ಬುಡಕ್ಕೆ ಬಂದರೆ ಹಿಂದಕ್ಕೆ ತಿರುಗುತ್ತಿದ್ದ. ತಲೆಯ ಮೇಲೆ ಎಷ್ಟು ಮಣ ಸಿಮೆಂಟು ಇದೆ ಎಂದು ಮನಸ್ಸು ತಾನಾಗಿ ಗುಣಿಸತೊಡಗುತ್ತಿತ್ತು. ಬಸ್ಸು ಹಾದುಹೋಗಿ ಕಿಟಕಿಯ ಗಾಜು ನಡುಗಿದರೂ ಅವನು ಎದ್ದು ನಿಲ್ಲುತ್ತಿದ್ದ. ಮನುಷ್ಯ ಕಟ್ಟಿದ್ದನ್ನು ನಂಬುವ ಹಾಗಿಲ್ಲ, ಇನ್ನೂರು ವರ್ಷ ಮರ ನಿಂತ ನೆಲವನ್ನು ನಂಬಬಹುದು ಎಂದು ಅವನ ಭಯ ಅವನಿಗೆ ಹೇಳಿತು. ಅವನು ಅದನ್ನು ವೇದವಾಕ್ಯದ ಹಾಗೆ ಒಪ್ಪಿಕೊಂಡ.

ಹೀಗೆ ಭಾನುವಾರದ ಮರದ ಬೇಟೆ ಶುರುವಾಯಿತು. ಮುಂದೆ ನಿಲ್ಲಿಸಿಕೊಂಡ ಮಗಳೊಂದಿಗೆ ಅವನ ಬಜಾಜ್ ಸ್ಕೂಟರು ಹಳೇ ಪೇಟೆಯ ಪೋಳಗಳಲ್ಲಿ, ಅಂದರೆ ಒಂದೇ ಬಾಗಿಲಿನ ಇಕ್ಕಟ್ಟು ಕೇರಿಗಳಲ್ಲಿ, ನುಗ್ಗುತ್ತಿತ್ತು. ಚಾಂದ್‌ಖೇಡಾದ ಕಡೆ ಎಣ್ಣೆ ಕಂಪನಿಯ ಕ್ವಾರ್ಟರ್ಸಿನ ಬೇಲಿಯಾಚೆ ಒಂದು ಅತ್ತಿಮರ ಕಂಡರೆ ನಿಲ್ಲುತ್ತಿತ್ತು. ಬೇವು, ಹುಣಸೆ, ಗುಲ್‌ಮೊಹರ್ ಯಾವುದಕ್ಕೂ ಅವನ ಬಳಿ ಮರ್ಯಾದೆ ಇರಲಿಲ್ಲ. ಆಲ, ಅರಳಿ, ಅತ್ತಿ, ಬಸರಿ, ಈ ನಾಲ್ಕೇ. ನಾಲ್ಕರಲ್ಲೂ ಆಲವೇ ಮೊದಲು, ಏಕೆಂದರೆ ತಬ್ಬಿಕೊಳ್ಳಲು ಬಿಳಲು ಇರುತ್ತದೆ.

ಪರೀಕ್ಷೆಗೆ ಅವನದೇ ಒಂದು ಕ್ರಮವಿತ್ತು. ಮೊದಲು ತೋಳು ಚಾಚಿ ಬುಡವನ್ನು ಮಾರಿನಲ್ಲಿ ಅಳೆಯುವುದು. ಮೂರು ಮಾರಿಗಿಂತ ಕಡಿಮೆಯಾದರೆ ಸ್ಕೂಟರು ಮುಂದಕ್ಕೆ. ಆಮೇಲೆ ಆ ಕೇರಿಯ ಅತಿ ಹಿರಿಯರನ್ನು ಹುಡುಕಿ, ನೀವು ಚಿಕ್ಕವರಿದ್ದಾಗ ಈ ಮರ ಎಷ್ಟಿತ್ತು ಎಂದು ಕೇಳುವುದು. "ನಮ್ಮ ಹಿರಿಯರು ನೆಟ್ಟದ್ದು" ಎಂದರೆ ಮರ ನಪಾಸು. "ಆಗಲೂ ಇಷ್ಟೇ ಇತ್ತು" ಎಂದರೆ ಪಾಸು. ಕೊನೆಗೆ ಕಟ್ಟೆಯ ಕಲ್ಲುಗಳಲ್ಲಿ ಬಿರುಕು ಬಿಟ್ಟಿದೆಯೇ ಎಂದು ಮಂಡಿಯೂರಿ ನೋಡುವುದು. ಆ ಹೊತ್ತಿಗೆ ಸುತ್ತ ನಾಲ್ಕು ಜನ ಸೇರಿರುತ್ತಿದ್ದರು. ನಗರಪಾಲಿಕೆಯವನು ಮರ ಕಡಿಸಲು ಬಂದಿದ್ದಾನೆ ಎಂದು ಎರಡು ಕಡೆ ಜಗಳಕ್ಕೇ ಬಂದರು. ಆಗ ಕಾಪಾಡುತ್ತಿದ್ದವಳು ರಚನಾ. ಅವಳಿಗೆ ಗುಜರಾತಿ ನೀರು ಕುಡಿದ ಹಾಗೆ, ಕನ್ನಡ ಮಾತ್ರ ಕುಂಟುತ್ತಿತ್ತು. "ನನ್ನ ಪಪ್ಪನಿಗೆ ಮರ ಅಂದರೆ ಇಷ್ಟ" ಎಂದು ಅವಳು ಅಜ್ಜಿಯರಿಗೆ ಹೇಳುತ್ತಿದ್ದಳು. ಮಗುವಿಗೆ ಅದೊಂದು ಆಟ. ಅಪ್ಪನ ಅಂಗೈ ಮರದ ತೊಗಟೆಯ ಮೇಲೆ ಬೆವರಿನ ಗುರುತು ಬಿಡುತ್ತಿದ್ದುದನ್ನು ಅವಳು ಗಮನಿಸಿರಲಿಲ್ಲ.

ಕೊನೆಗೆ ಹಳೇ ಪೇಟೆಯಲ್ಲೇ ಒಂದು ಆಲದ ಬಳಿ ನೆಲಮಟ್ಟದ ಮನೆ ಸಿಕ್ಕಿತು. ಅರವತ್ತು ಹೆಜ್ಜೆ ಎಂಬುದೂ ಅಳತೆ ಮಾಡಿದ್ದೇ. ಮಗಳಿಗೆ ಅಷ್ಟು ಓಡಲು ಹದಿನೈದು ಇಪ್ಪತ್ತು ಸೆಕೆಂಡು ಸಾಕು. ಪ್ರತಿ ತಿಂಗಳು ಒಂದು ದಿನ ಅಭ್ಯಾಸ. "ಧಡ್ ಅಂತ ಶಬ್ದ ಆದ್ರೆ, ನೆಲ ಅಲ್ಲಾಡಿದ್ರೆ, ಅಮ್ಮನ್ನ ಕಾಯ್ಬೇಡ, ಅಪ್ಪನ್ನ ಕಾಯ್ಬೇಡ. ಸೀದಾ ಮರದ ಹತ್ರ ಓಡು. ಬಿಳಲು ತಬ್ಕೊಂಡು, ಕಣ್ಣು ಮುಚ್ಕೊಂಡು ನೂರರ ತನಕ ಎಣಿಸು. ಅಷ್ಟರಲ್ಲಿ ನಾವು ಬಂದಿರ್ತೀವಿ." ಎಣಿಸುವುದು ಕನ್ನಡದಲ್ಲೇ ಆಗಬೇಕೆಂದು ಅವನ ಹಟ. ಹಾಗಾಗಿ ಆ ಹುಡುಗಿಗೆ ಕನ್ನಡದಲ್ಲಿ ತಡವರಿಸದೆ ಬರುತ್ತಿದ್ದದ್ದು ಒಂದರಿಂದ ನೂರು ಮಾತ್ರ. ಅಪ್ಪನನ್ನು ಕಾಯಬೇಡ ಎಂದು ಹೇಳುವಾಗ ಪದ್ಮನಾಭನಿಗೆ ನೀಲಾಳ ಮುಖ ನೋಡಲಾಗುತ್ತಿರಲಿಲ್ಲ.

2003ರಲ್ಲಿ ವಡೋದರಾಕ್ಕೆ ವರ್ಗವಾಯಿತು. ಆಲದ ಹೆಸರನ್ನೇ ಹೊತ್ತ ಊರು, ಇನ್ನೇನು ಬೇಕು ಎಂದು ಅವನು ಹಿಗ್ಗಿದ. ಮೊದಲ ಮನೆಯ ಎದುರಿನ ಆಲವನ್ನು ರಸ್ತೆ ಅಗಲ ಮಾಡುವವರು ಮೂರನೆಯ ತಿಂಗಳಿಗೇ ಕಡಿದರು. ಗರಗಸದ ಸದ್ದು ಕೇಳಿದ ದಿನವೇ ಪದ್ಮನಾಭ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿದ. ಎರಡನೆಯ ಮನೆಯ ಹತ್ತಿರ ಅರಳಿಮರ. ಅದರಲ್ಲಿ ದೆವ್ವವಿದೆಯೆಂದು ನೆರೆಯವರು ಎಚ್ಚರಿಸಿದರು. ದೆವ್ವಕ್ಕೆ ಅವನು ಹೆದರಲಿಲ್ಲ, ಅದು ಸಿಮೆಂಟಿನದಲ್ಲವಲ್ಲ! ತಕರಾರು ತೆಗೆದವಳು ನೀಲಾ.

"ಶನಿವಾರ ಬಿಟ್ಟು ಬೇರೆ ದಿನ ಅಶ್ವತ್ಥ ಮುಟ್ಟಬಾರ್ದು ರೀ. ಮಗೂಗೆ ತಬ್ಕೋ ಅಂತ ಹೇಳಿಕೊಡ್ತೀರಲ್ಲ."

"ಭೂಕಂಪ ಶನಿವಾರ ನೋಡ್ಕೊಂಡು ಬರತ್ತೇನೇ?"

"ಹಾಗಾದ್ರೆ ನಿಮ್ಮ ಮರ ಶನಿವಾರ ನೋಡ್ಕೊಂಡು ಕಾಯತ್ತಾ?"

ಪದ್ಮನಾಭ ಹೋಗಿ ಮುಂಗಡ ಕೊಟ್ಟು ಬಂದ. ನೀಲಾ ಮೂರು ವರ್ಷದಲ್ಲಿ ಮೂರನೆಯ ಸಲ ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಸುತ್ತಿದಳು. ಅವಳ ತಾಳ್ಮೆಯನ್ನು ನಾನು ಹೊಗಳುವುದಿಲ್ಲ. ಕೇಳಬೇಕಾದ್ದನ್ನು ಕೇಳದೆ ಇಟ್ಟುಕೊಂಡ ತಾಳ್ಮೆ ಅದು. ಆ ಮನೆಯಲ್ಲಿ ಗಂಡ ನೆಲಕ್ಕೆ ಹೆದರುತ್ತಿದ್ದ, ಹೆಂಡತಿ ಗಂಡನ ಕಾಲುಗಳಿಗೆ ಹೆದರುತ್ತಿದ್ದಳು.

2005ರಲ್ಲಿ ಸೂರತ್. ಬ್ಯಾಂಕಿನವರು ವರಾಛಾದಲ್ಲಿ ಮನೆ ತೋರಿಸಿದರು. ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಗಳ ನಡುವೆ ಪದ್ಮನಾಭನಿಗೆ ಒಂದು ಅದ್ಭುತವಾದ ಆಲ ಸಿಕ್ಕಿತು. ಅದರ ಒಂದು ಮಗ್ಗುಲು ಕಾರ್ಖಾನೆಯ ಗೋಡೆಯೊಳಗೇ ಸೇರಿಹೋಗಿತ್ತು, ಕೆಲಸಗಾರರು ಬಿಳಲುಗಳಿಗೆ ಊಟದ ಡಬ್ಬಿ ನೇತುಹಾಕುತ್ತಿದ್ದರು. ಆದರೆ ಅಲ್ಲಿ ನೆಲಮಟ್ಟದಲ್ಲಿ ಬಾಡಿಗೆಗೆ ಒಂದು ಕೋಣೆಯೂ ಇರಲಿಲ್ಲ. ಐದು ಭಾನುವಾರ ಅಲೆದ ಮೇಲೆ ತಾಪಿ ನದಿಯಾಚೆ, ರಾಂದೇರ್ ಕಡೆ, ಅವನ ಆಯುಷ್ಯದ ಮರ ಸಿಕ್ಕಿತು. ಬುಡ ಆರು ಮಾರು. ಸುತ್ತ ಎದೆಮಟ್ಟದ ಕಟ್ಟೆ. ನೂರಾರು ಬಿಳಲು. ಮರದಿಂದ ಐವತ್ತೆಂಟು ಹೆಜ್ಜೆಯಲ್ಲಿ, ಹಿಂಬಾಗಿಲು ಮರದ ಕಡೆಗೇ ತೆರೆಯುವ ಮೂರು ಮಹಡಿಯ ಹಳೇ ಕಟ್ಟಡ, ಅದರ ನೆಲಮಟ್ಟದ ಮನೆ ಖಾಲಿ.

ಮಾಲೀಕಿಣಿ ಜಶುಬೆನ್, ಎಪ್ಪತ್ತು ದಾಟಿದ ವಿಧವೆ, ಎರಡನೆಯ ಮಹಡಿಯಲ್ಲಿ ಇದ್ದರು. ಅವರು ಬಾಡಿಗೆ ಹೇಳುವ ಮೊದಲು ಬಾಗಿಲ ಪಕ್ಕದ ಗೋಡೆಯ ಮೇಲೆ, ಮಂಡಿಗಿಂತ ಸ್ವಲ್ಪ ಎತ್ತರದಲ್ಲಿ, ಮಾಸಲು ಗೆರೆಯೊಂದನ್ನು ತೋರಿಸಿದರು. "98ರಲ್ಲಿ ನೀರು ಇಲ್ಲಿತನಕ ಬಂದಿತ್ತು ಭಾಯಿ. ಮೊದಲನೆಯ ಮಹಡಿಯಲ್ಲೂ ಮನೆ ಖಾಲಿ ಇದೆ, ಅದನ್ನೇ ತಗೊಳ್ಳಿ. ನೆಲಮಟ್ಟದ ಮನೆ ಯಾರೂ ತಾವಾಗಿ ಕೇಳೋದಿಲ್ಲ."

ಪದ್ಮನಾಭನ ಕಣ್ಣು ಗೆರೆಯ ಮೇಲಿರಲಿಲ್ಲ, ಮರದ ಮೇಲಿತ್ತು. "ಅಮ್ಮಾ, ನೀವು ಮದುವೆಯಾಗಿ ಬಂದಾಗ ಈ ವಡ ಎಷ್ಟಿತ್ತು?" ಎಂದು ಕೇಳಿದ.

"ಇಷ್ಟೇ ಇತ್ತು. ನದಿಯ ತಂಪು ಕುಡಿದು ಬೆಳೆದ ಮರ, ಅದಕ್ಕೇನು ಕಮ್ಮಿ?"

ನದಿಯ ತಂಪು ಎಂಬ ಮಾತು ಅವನ ಕಿವಿಯೊಳಗೆ ಹೋಗಲೇ ಇಲ್ಲ. ನೀಲಾಳ ಕಿವಿಗೆ ಹೋಯಿತು. ಅವಳು ಗೆರೆಯನ್ನೂ ನೋಡಿದಳು, ಮರದ ಕಡೆ ನೆಲ ಇಳಿಜಾರಾಗಿ ಹೋಗುವುದನ್ನೂ ನೋಡಿದಳು. "ರೀ, ಒಂದನೇ ಮಹಡಿ ಅಷ್ಟೇ ಅಲ್ವಾ..." ಎಂದಳು. ಗಂಡನ ಮುಖ ಬಿಳಿಚಿಕೊಂಡಿತು. ಅವಳು ಅಲ್ಲಿಗೇ ಬಿಟ್ಟಳು.

ಒಂದು ವರ್ಷ ಪದ್ಮನಾಭ ಅಲ್ಲಿ ಚೆನ್ನಾಗಿ ನಿದ್ದೆ ಮಾಡಿದ. ಅಷ್ಟಾಯಿತಲ್ಲ, ಅದೇ ಹೆಚ್ಚು.

2006ರ ಆಗಸ್ಟ್ ಏಳು, ಸೋಮವಾರ. ಊರಿನಲ್ಲಿ ಅಂಥ ಮಳೆಯೇನೂ ಇರಲಿಲ್ಲ. ಮೇಲಿನಿಂದ ಹೊಳೆ ತುಂಬಿ ಬರುತ್ತಿದೆಯೆಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗುತ್ತಾ ಹೋದರು. ಪದ್ಮನಾಭ ಅಂಗಿ ಹಾಕಿಕೊಂಡು, ಗೊಂಚಲನ್ನು ಮೊಳೆಯ ಮೇಲೆ ತೂಗುಹಾಕಿ, ಬೂಟಿಗೆ ಕೈ ಹಾಕಿದ್ದ. ಬಚ್ಚಲಿನಲ್ಲಿ ಗುಳುಗುಳು ಸದ್ದಾಯಿತು. ಹೋಗಿ ನೋಡಿದರೆ ನೀರು ಹೊರಗೆ ಹೋಗುವ ತೂತಿನಿಂದ ಕಪ್ಪು ನೀರು ಒಳಗೆ ಉಕ್ಕುತ್ತಿತ್ತು. ಬಾಗಿಲಿನಿಂದ ಬರುತ್ತದೆಂದು ಎಲ್ಲರೂ ಕಾಯುತ್ತಿದ್ದ ಹೊಳೆ ಮನೆಯ ಹೊಟ್ಟೆಯೊಳಗಿಂದಲೇ ಎದ್ದಿತ್ತು. ಹತ್ತು ನಿಮಿಷಕ್ಕೆ ಪಾದ ಮುಳುಗಿತು. ಅರ್ಧ ಗಂಟೆಗೆ ಜಶುಬೆನ್ ತೋರಿಸಿದ ಗೆರೆ ಮುಳುಗಿತು.

"ಉಪರ್ ಆವೋ! ಎಲ್ಲಾ ಬಿಟ್ಟು ಮೇಲೆ ಬನ್ನಿ!" ಎಂದು ಜಶುಬೆನ್ ಮೇಲಿನಿಂದ ಕೂಗುತ್ತಿದ್ದರು.

ನೀಲಾ ಅಕ್ಕಿ ಡಬ್ಬ, ಸರ್ಟಿಫಿಕೇಟಿನ ಚೀಲ, ಔಷಧಿ, ಸ್ಟವ್ ಒಂದೊಂದಾಗಿ ಸಾಗಿಸಿದಳು. ಪದ್ಮನಾಭ ಸಾಮಾನನ್ನು ಮೆಟ್ಟಿಲ ತನಕ ತಂದುಕೊಡುತ್ತಿದ್ದ. ಮೂರು ಮೆಟ್ಟಿಲು ಹತ್ತುವನು, ನಿಲ್ಲುವನು. ತಲೆಯ ಮೇಲಿನ ಸಿಮೆಂಟಿನ ಚಪ್ಪಡಿ ಕಾಣಿಸಿದ ಕೂಡಲೇ ಮತ್ತೆ ನೀರಿಗೇ ಇಳಿಯುವನು. ಕೆಳಗೆ ನೀರಿನ ಭಯ, ಮೇಲೆ ಸಿಮೆಂಟಿನ ಭಯ, ನಡುವೆ ಮೂರು ಮೆಟ್ಟಿಲು. ರಚನಾಳನ್ನು ಮಂಚದ ಮೇಲೆ ಕೂರಿಸಿ, "ನಾನು ಈಗ ಬಂದೆ, ಅಲ್ಲಾಡಬೇಡ" ಎಂದು ನೀಲಾ ಟ್ರಂಕು ಹೊತ್ತು ಮೇಲೆ ಹೋದಳು.

ಆಗಲೇ ಹಿತ್ತಲಿನ ಕಾಂಪೌಂಡು ಗೋಡೆ ನೀರಿನ ಒತ್ತಡಕ್ಕೆ ಉರುಳಿತು. ಧಡ್ ಎಂದು ಸದ್ದು. ಕಾಲ ಕೆಳಗಿನ ನೆಲ ನಡುಗಿತು. ಯಾರೋ ಕಿರುಚಿದರು.

ಪದ್ಮನಾಭನ ಕೈ ಮೊಳೆಯ ಮೇಲಿನ ಗೊಂಚಲನ್ನು ಬಾಚಿತು. ಕಾಲುಗಳು ಮುಂಬಾಗಿಲಿನ ಕಡೆ ಓಡಿದವು. ಸೊಂಟದ ತನಕ ನೀರನ್ನು ಸೀಳಿಕೊಂಡು ಗೇಟು ದಾಟಿ ಬೀದಿಗೆ ಬಿದ್ದ. ಐದೂವರೆ ವರ್ಷ, ನಾಲ್ಕು ಮನೆ, ನೂರು ಮರ ಆದ ಮೇಲೂ ಅದೇ ಕೈ, ಅದೇ ಕಾಲು.

ಹಿಂದಿನಿಂದ, ಮೆಟ್ಟಿಲ ಮೇಲಿನಿಂದ, ದನಿ ಬಂತು: "ಪದ್ಮನಾಭಾ! ಮಗೂ ಇಲ್ಲ!"

ಅವನು ನಿಂತ. ಈ ಸಲ ಕಾಲುಗಳು ನಿಂತವು.

ಮಗು ಎಲ್ಲಿ ಹೋಗಿರುತ್ತಾಳೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ಅವನೇ ಹೇಳಿಕೊಟ್ಟದ್ದು. ಧಡ್ ಎಂದು ಶಬ್ದವಾದರೆ, ನೆಲ ಅಲುಗಾಡಿದರೆ, ಅಮ್ಮನನ್ನು ಕಾಯಬೇಡ, ಅಪ್ಪನನ್ನು ಕಾಯಬೇಡ. ತಿರುಗಿ ನೋಡಿದರೆ ಹಿಂಬಾಗಿಲು ಹಾರು ಹೊಡೆದಿತ್ತು. ಅದರ ಆಚೆ ಇಳಿಜಾರು, ಇಳಿಜಾರಿನ ಕೊನೆಗೆ ಆಲ, ಆಲದ ಸುತ್ತ ಸುಳಿ ಸುತ್ತುವ ಕಂದು ನೀರು. ಇಂಥ ಭಯ ಅವನು ಕಂಡಿರಲಿಲ್ಲ. ಇಷ್ಟು ವರ್ಷ ಕಂಡದ್ದೆಲ್ಲ ತನ್ನ ಜೀವದ ಭಯ, ಇದು ಬೇರೆ.

ಪಕ್ಕದ ಸಾಲಿನ ಮನೆಗಳ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಹಿಡಿದುಕೊಂಡು ಅವನು ಇಳಿದ. ನೀರು ಎದೆಗೆ ಬಂತು. ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಗೊಂಚಲು. ಗ್ಯಾಸಿನ ಸಿಲಿಂಡರೊಂದು ತೇಲಿಬಂದು ಪಕ್ಕೆಗೆ ಗುದ್ದಿತು. ಸದ್ದಿನ ನಡುವೆ ಸಣ್ಣ ದನಿಯೊಂದು ಕೇಳಿಸಿತು. "ಎಪ್ಪತ್ತಾರು, ಎಪ್ಪತ್ತೇಳು, ಎಪ್ಪತ್ತೆಂಟು..."

ರಚನಾ ಕಟ್ಟೆಯ ಮೇಲೆ ನಿಂತಿದ್ದಳು. ನೀರಿನ ಸೆಳೆತವೇ ಅವಳನ್ನು ಇಳಿಜಾರಿನಲ್ಲಿ ಅಲ್ಲಿಗೆ ಒಯ್ದಿರಬೇಕು. ಎದೆಮಟ್ಟದ ಕಟ್ಟೆ ಮುಳುಗಿ ಅವಳ ಸೊಂಟದ ಮೇಲೆ ನೀರು ಬಂದಿತ್ತು. ಬಿಳಲನ್ನು ತಬ್ಬಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಎಣಿಸುತ್ತಿದ್ದಳು. ತುಟಿ ನೀಲಿಯಾಗಿತ್ತು. ಎಷ್ಟನೆಯ ನೂರು ಅದು ಎಂದು ಯಾರಿಗೆ ಗೊತ್ತು.

"ರಚನಾ, ಅಪ್ಪ ಕಣೇ!"

"ತೊಂಬತ್ತು," ಎಂದು ಕಣ್ಣು ಬಿಟ್ಟಳು. "ನೀನು ಲೇಟ್ ಅಪ್ಪಾ."

ಕೊನೆಯ ಕಿಟಕಿಗೂ ಮರಕ್ಕೂ ನಡುವೆ ಮೂರು ಮಾರು ಬರಿ ನೀರು. ಹೇಗೋ ದಾಟಿದ. ಮಗಳು ಅವನ ಬೆನ್ನಿಗೆ ಬಂದಳು, ಆದರೆ ಚಳಿಗೆ ಮರಗಟ್ಟಿದ ಅವಳ ಕೈಗಳಿಗೆ ಹಿಡಿತವಿರಲಿಲ್ಲ. ಒಂದು ಕೈಯಿಂದ ಅವಳನ್ನು ಹಿಡಿಯಬೇಕು, ಇನ್ನೊಂದರಿಂದ ಬಿಳಲು, ಆಮೇಲೆ ಸರಳು. ಗೊಂಚಲಿಗೆ ಮೂರನೆಯ ಕೈ ಇಲ್ಲ. ಪದ್ಮನಾಭ ಬೆರಳು ಬಿಡಿಸಿದ. ಹಿತ್ತಾಳೆಯ ಬೀಗದ ಕೈಗಳು ಒಂದು ಸಲ ಮಿಂಚಿ ಕಂದು ನೀರೊಳಗೆ ಹೋದವು. ಹದಿನಾರು ವರ್ಷದ ನೌಕರಿಯಲ್ಲಿ ಅವನು ಬೇಕೆಂದೇ ಕೈಬಿಟ್ಟ ಬ್ಯಾಂಕಿನ ಮೊದಲ ಸೊತ್ತು ಅದು. ಮುಂದೆ ಬ್ಯಾಂಕು ಮೂರು ಪುಟದ ವಿವರಣೆ ಕೇಳಿತು, ಅವನು ಮೂರು ಸಾಲು ಬರೆದ. ಅದು ಆಮೇಲಿನ ಮಾತು.

ವಾಪಸು ಐವತ್ತೆಂಟು ಹೆಜ್ಜೆಗೆ ಎಷ್ಟು ಹೊತ್ತು ಹಿಡಿಯಿತೋ. ನೀಲಾ ಮೆಟ್ಟಿಲ ಬುಡದಲ್ಲಿ ಕುತ್ತಿಗೆಯ ತನಕ ನೀರಿನಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಮೆಟ್ಟಿಲ ಕಂಬಿ, ಇನ್ನೊಂದು ಕೈ ಇವರ ಕಡೆಗೆ ಚಾಚಿತ್ತು. ಪದ್ಮನಾಭ ಮೊದಲ ಮೆಟ್ಟಿಲಿಗೆ ಕಾಲಿಟ್ಟ, ಎರಡನೆಯದು, ಮೂರನೆಯದು. ಚಪ್ಪಡಿ ಕಂಡಿತು. ಕಾಲು ನಿಂತಿತು.

ಬೆನ್ನ ಮೇಲಿನ ಮಗಳು ಕಿರುಚಿಕೊಂಡಳು. "ಮೇಲೆ ಬೇಡ ಅಪ್ಪಾ! ಮೇಲೆ ಬೀಳತ್ತೆ! ಪ್ಲೀಸ್, ಮರದ ಹತ್ರ ಹೋಗೋಣ, ಪ್ಲೀಸ್!" ಅವಳ ಮೈಯೆಲ್ಲ ಗಡಗಡ ನಡುಗುತ್ತಿತ್ತು. ಅದು ಬರಿ ಚಳಿಯ ನಡುಕವಲ್ಲ. ಆ ನಡುಕ ಪದ್ಮನಾಭನಿಗೆ ಚೆನ್ನಾಗಿ ಪರಿಚಿತ. ಅದು ಅವನದೇ. ಐದು ವರ್ಷ ಪ್ರತಿ ತಿಂಗಳು ಅಭ್ಯಾಸ ಮಾಡಿಸಿ ಅವನು ಮಗಳಿಗೆ ಕೊಟ್ಟ ಆಸ್ತಿ ಅದು.

"ಬೀಳಲ್ಲ" ಎಂದ. ಬೀಳುವುದಿಲ್ಲವೆಂದು ಅವನಿಗೇನೂ ಗೊತ್ತಿರಲಿಲ್ಲ. "ಬೀಳಲ್ಲ ಪುಟ್ಟಾ. ಎಣಿಸು. ಒಂದು."

"...ಎರಡು."

ಐವತ್ತೊಂದಕ್ಕೆ ತಾರಸಿ ಬಂತು.

ತಾರಸಿಯ ಮೇಲೆ ಮೂವತ್ತು ಜನ, ಎರಡು ಮೇಕೆ, ಒಂದು ಗಿಳಿಯ ಪಂಜರ. ಜಶುಬೆನ್ ಸ್ಟೀಲಿನ ಡಬ್ಬದಿಂದ ಎಲ್ಲರಿಗೂ ಮೆಂತ್ಯದ ರೊಟ್ಟಿ, ಥೇಪ್ಲಾ, ಹಂಚುತ್ತಿದ್ದರು. ನೆಲಮಟ್ಟದ ಮನೆ ಪೂರ್ತಿ ಮುಳುಗಿತ್ತು, ನೀರು ಮೊದಲನೆಯ ಮಹಡಿಯ ಕಿಟಕಿ ಮುಟ್ಟುತ್ತಿತ್ತು. ಆಲದ ಬುಡವಿಲ್ಲ, ಕಟ್ಟೆಯಿಲ್ಲ, ಬಿಳಲಿಲ್ಲ. ನೀರಿನ ಮೇಲೆ ಹಸಿರು ತಲೆ ಮಾತ್ರ ಕಾಣುತ್ತಿತ್ತು, ಅದರ ತುಂಬ ಬೆದರಿದ ಕಾಗೆಗಳು. ಮರ ಬಿದ್ದಿರಲಿಲ್ಲ. ಅದರ ಪಾಡಿಗೆ ಅದು ನಿಂತಿತ್ತು. ಯಾರನ್ನೂ ಕಾಯುತ್ತೇನೆಂದು ಅದು ಮಾತು ಕೊಟ್ಟಿರಲಿಲ್ಲ.

ಪದ್ಮನಾಭ ತಾರಸಿಯ ನಟ್ಟನಡುವೆ ಕೂತು ಎರಡೂ ಅಂಗೈಯನ್ನು ಸಿಮೆಂಟಿನ ಮೇಲೆ ಒತ್ತಿದ್ದ. ಯಾರಾದರೂ ನಡೆದರೆ ನೆಲ ಮಿಡಿಯುವುದು ಗೊತ್ತಾಗುತ್ತಿತ್ತು. ಪ್ರತಿ ಸಲವೂ ಅಂಗೈಯನ್ನು ಇನ್ನಷ್ಟು ಒತ್ತುತ್ತಿದ್ದ. ಮಗಳು ಅವನ ಒದ್ದೆ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ನೀಲಾ ಎದುರಿಗೆ ಬಂದು ಕೂತಳು. ಅವನ ಬರಿಗೈಗಳನ್ನು ನೋಡಿದಳು.

"ಬೀಗದ ಕೈ ಎಲ್ಲಿ?"

"ಬಿಟ್ಟೆ. ಮರದ ಹತ್ರ."

ಪದ್ಮನಾಭನಿಗೆ ಈಗ ಹೇಳದಿದ್ದರೆ ಮತ್ತೆ ಎಂದಿಗೂ ಹೇಳಲಾರೆ ಎನ್ನಿಸಿತು. ಅಲುಗುವ ನೆಲಕ್ಕಿಂತ, ಏರುವ ನೀರಿಗಿಂತ ಹೆಚ್ಚು ಭಯವಾಯಿತು.

"ನೀಲಾ, ಅವತ್ತು ಮಣಿನಗರದಲ್ಲಿ... ನೀನು ಕೂಗಿದ್ದು ನಂಗೆ ಕೇಳಿಸಿತ್ತು ಕಣೇ."

"ಗೊತ್ತು" ಎಂದಳು ನೀಲಾ. "ಮೆಟ್ಟಿಲ ಸಂದೀಲಿ ನಿಮ್ಮ ಮುಖ ಕಾಣಿಸ್ತು. ತಿರುಗಿ ನೋಡಿದ್ರಿ, ಆಮೇಲೆ ಓಡಿದ್ರಿ. ಇವತ್ತು ಕೂಗೋವಾಗ್ಲೂ ಅದೇ ಭಯ ಇತ್ತು ನಂಗೆ. ಆದ್ರೂ ಇನ್ಯಾರನ್ನ ಕೂಗ್ಲಿ?"

ಅವಳು ಸೆರಗನ್ನು ಹಿಂಡಿ ಮಗಳ ತಲೆ ಒರೆಸತೊಡಗಿದಳು. ಎಡ ಮುಂಗೈ ಮೇಲೆ ಹಳೇ ಸುಟ್ಟ ಕಲೆ ನೀರಿನಲ್ಲಿ ನೆನೆದು ಬೆಳ್ಳಗಾಗಿತ್ತು. ಪದ್ಮನಾಭ ಸಿಮೆಂಟಿನಿಂದ ಒಂದು ಕೈ ತೆಗೆದು, ಐದೂವರೆ ವರ್ಷದಲ್ಲಿ ಮೊದಲ ಸಲ, ಆ ಕಲೆಯನ್ನು ಮುಟ್ಟಿದ.